ಕೊನೆಯ ಬಿಗಿ

ಅಂಗಡಿಯವರು ಪೊಟ್ಟಣಕ್ಕೆ ಕೆಂಪು ನೂಲು ಸುತ್ತತೊಡಗಿದರೆ ಸಾಕು, ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಬ್ರೇಕು ಹುಡುಕುತ್ತದೆ. ಮೊನ್ನೆ ಕುಂದಾ ತರಲು ಹೋದಾಗಲೂ ಹಾಗೇ ಆಯಿತು. ಮಿಠಾಯಿ ಅಂಗಡಿಯಾತ ಡಬ್ಬಿಗೆ ನೂಲು ಸುತ್ತುತ್ತಿದ್ದ, ನಾನು ನಿಂತಲ್ಲೇ ನೆಲ ಒತ್ತುತ್ತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ನನ್ನ ಕಾಲು ಹಿಡಿದುಕೊಂಡಿದೆ ಅಂದುಕೊಂಡು, “ಕುಂದರ್ತೀರೇನ್ರಿ?” ಎಂದು ಕುರ್ಚಿ ಎಳೆದರು. “ಬ್ಯಾಡ್ರಿ, ಒಮ್ಮೊಮ್ಮೆ ಹಂಗ ಆಗತೈತಿ” ಅಂದೆ. ಅಂಗಡಿ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಸಂಗತಿಯಲ್ಲ ಅದು. ನಿಮಗೆ ಹೇಳಬಹುದು, ಪುರುಸೊತ್ತಿಲ್ಲದವರು ಇಂಥ ಬರಹ ಓದಲು ಕೂರುವುದಿಲ್ಲ.

ನಾನು ಬೆಳಗಾವಿಯ ವಡಗಾವಿಯಲ್ಲಿ, ಮಗ್ಗದ ಮನೆಯಲ್ಲಿ ಬೆಳೆದವಳು. ನಮ್ಮ ಓಣಿಯಲ್ಲಿ ಎದುರುಬದುರು ಎರಡು ಸೈಕಲ್ಲು ಬಂದರೆ ಒಂದು ಯಾರದೋ ಕಟ್ಟೆ ಹತ್ತಬೇಕು. ಎರಡೂ ಬದಿಗೆ ಕರೆಂಟಿನ ಮಗ್ಗಗಳು, ಬೆಳಗಿನಿಂದ ಖಟಖಟ. ಆ ಸದ್ದಿನೊಳಗೇ ನಾವು ಪಾಠ ಓದಿದೆವು, ಜಗಳ ಆಡಿದೆವು, ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು ಕೊಟ್ಟೆವು. ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲ ಕೂಸು ಬೆಚ್ಚಿ ಅಳುತ್ತಿತ್ತು. ಅಪ್ಪನ ಕಿವಿ ಆ ಸದ್ದಿಗೇ ಹೋಯಿತು. ಮಗ್ಗದ ಮನೆಯಲ್ಲಿ ಹೇಗೂ ಮಾತು ಕೇಳಿಸುವುದಿಲ್ಲ, ಎಲ್ಲವೂ ಕೈಸನ್ನೆಯಲ್ಲೇ. ಅಂಗೈ ಬೋರಲು ಹಾಕಿ ಕೆಳಗೊತ್ತಿದರೆ ಮಗ್ಗ ನಿಲ್ಲಿಸು ಅಂತ. ತೋರುಬೆರಳನ್ನು ಗಾಳಿಯಲ್ಲಿ ತಿರುವಿದರೆ ನಡೆಯಲಿ ಅಂತ. ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದರೆ ನೂಲು ಹರಿದಿದೆ ಅಂತ. ಊಟಕ್ಕೆ ಕರೆಯಲೂ ಒಂದು ಸನ್ನೆ ಇತ್ತು. ಅದನ್ನು ಮಾಡುವಾಗ ಅವ್ವನ ಕೈಯಲ್ಲಿ ಲಟ್ಟಣಿಗೆ ಇರುತ್ತಿದ್ದುದರಿಂದ ಯಾರೂ ತಡ ಮಾಡುತ್ತಿರಲಿಲ್ಲ.

ಮಗ್ಗ ಅಂದರೆ ದಿನವಿಡೀ ನಡುಗುವ ಕಬ್ಬಿಣ. ಎಷ್ಟು ಬಿಗಿದರೂ ಬೋಲ್ಟು ಸಡಿಲಾಗುತ್ತವೆ. ಹಾಗಂತ ಸಡಿಲಾದದ್ದನ್ನು ಎಸೆಯುವುದು ನಮ್ಮ ಮನೆಯಲ್ಲಿ ಅನ್ನ ಎಸೆದಷ್ಟೇ ಪಾಪ. ಬೋಲ್ಟಿನ ಮೈಮೇಲೆ ಸುತ್ತಿ ಇಳಿಯುವ ಗೆರೆಗೆ ಆಟೆ ಅನ್ನುತ್ತಾರೆ. ಆ ಆಟೆಗೆ ಮೇಣ ತಿಕ್ಕಿದ ನೂಲು ಸುತ್ತಿ, ಬೋಲ್ಟನ್ನು ತೆಗೆದ ತೂತಿಗೇ ಮರಳಿ ಕೂರಿಸಬೇಕು. ನೂಲು ಸಂದಿಯಲ್ಲಿ ಕಚ್ಚಿ ಕೂರುತ್ತದೆ, ಬೋಲ್ಟು ಮತ್ತೆ ವರ್ಷಗಟ್ಟಲೆ ಅಲುಗುವುದಿಲ್ಲ. ಓಣಿಯವರೆಲ್ಲ ಹಾಗೇ ಮಾಡುತ್ತಿದ್ದರು. ಅಪ್ಪನಿಗೆ ಮಾತ್ರ ಕೆಂಪು ನೂಲೇ ಆಗಬೇಕು. ಯಾವುದಕ್ಕೆ ಸುತ್ತಿದ್ದೇನೆಂದು ದೂರದಿಂದಲೇ ಕಾಣಬೇಕಂತೆ.

ಇನ್ನೊಂದು ಕಟ್ಟಳೆ ಕೊನೆಯ ಬಿಗಿಯದು. ಬೋಲ್ಟು ಯಾರು ಬೇಕಾದರೂ ಕೂರಿಸಲಿ, ಅರ್ಧ ತಿರುಗಿಸಲಿ, ಕೊನೆಯ ಬಿಗಿ ಮನೆಯ ಹಿರಿಯನದು. ಅವನು ಬಿಗಿದ ಮೇಲೆ ಮತ್ತೊಬ್ಬರು ಅದಕ್ಕೆ ಪಾನಾ ಹಚ್ಚಬಾರದು, ಸ್ಪ್ಯಾನರಿಗೆ ನಮ್ಮಲ್ಲಿ ಪಾನಾ ಅನ್ನುತ್ತಾರೆ. ಒಮ್ಮೆ ನಮ್ಮಲ್ಲಿ ಕೆಲಸಕ್ಕಿದ್ದ ಸಂಗಪ್ಪ ಅಪ್ಪ ಬಿಗಿದದ್ದನ್ನು ಅನುಮಾನದಿಂದ ಇನ್ನೊಂದು ಸುತ್ತು ತಿರುಗಿಸಿದ. ಬೋಲ್ಟಿನ ತಲೆ ಮುರಿದು ಸಿಡಿದು, ಮಗ್ಗದ ಮೇಲೆ ನೇಯುತ್ತಿದ್ದ ಸೀರೆಯನ್ನೇ ಹರಿದುಹಾಕಿತು. ಅಪ್ಪ ಅವನನ್ನು ಬೈಯಲಿಲ್ಲ. ಸಂಜೆವರೆಗೆ ಅವನ ಕಡೆ ನೋಡಲಿಲ್ಲ ಅಷ್ಟೆ, ಸಂಗಪ್ಪನಿಗೆ ಅದಕ್ಕಿಂತ ಎರಡೇಟು ಬಿದ್ದಿದ್ದರೇ ಚೆನ್ನಾಗಿತ್ತು ಅನಿಸಿತಂತೆ.

ನನಗೆ ಗೊಂಬೆಗಿಂತ ಪಾನಾ ಮೇಲೆ ಪ್ರೀತಿ. “ಕೊನೀ ಬಿಗಿ ನಾ ಮಾಡ್ತೀನಪ್ಪಾ” ಎಂದು ಗಂಟು ಬೀಳುತ್ತಿದ್ದೆ. ಮುಕ್ಕಾಲು ಪಾಲು ತಿರುಗಿಸಲು ಬಿಡುತ್ತಿದ್ದ. ಆಮೇಲೆ ಅಂಗೈ ಬೋರಲು: ನಿಲ್ಲಿಸು. ಪಾನಾ ಇಸಿದುಕೊಂಡು, ಎಡಗೈಯನ್ನು ಕಬ್ಬಿಣದ ಮೇಲಿಟ್ಟು, ಕಣ್ಣು ಮುಚ್ಚಿ, ಸಾರಿನ ಉಪ್ಪು ನೋಡುವವನ ಮುಖ ಮಾಡಿಕೊಂಡು ಬಿಗಿಯುತ್ತಿದ್ದ. ಮುಂದೆ ನಾನು ಬಿ.ಎಸ್ಸಿ. ಮುಗಿಸಿದೆ, ಮದುವೆಯಾಗಿ ಎರಡು ಓಣಿ ಆಚೆಗೆ ಹೋದೆ, ಪಾರಿಶ್ವಾಡದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಘರ್ಷಣೆಯ ಪಾಠ ಮಾಡುವ ಟೀಚರೂ ಆದೆ. ಕೊನೆಯ ಬಿಗಿ ಮಾತ್ರ ನನ್ನ ಪಾಲಿಗೆ ಬರಲಿಲ್ಲ.

ಈಗ ಮಗ್ಗಗಳಿಲ್ಲ. ಅವು ನಿಂತಿದ್ದ ಜಾಗದಲ್ಲಿ ನಮ್ಮ ಹಳೆಯ ಬಿಳಿ ಕಾರು ನಿಲ್ಲುತ್ತದೆ. ಮಗ್ಗ ಚೆನ್ನಾಗಿ ನಡೆದ ಕಾಲದಲ್ಲಿ ಅಪ್ಪ ಕೊಂಡದ್ದು, ಈಗ ನಾನು ಶಾಲೆಗೆ ಓಡಿಸುವುದು. ಅದರ ಚಿಕ್ಕಪುಟ್ಟ ರಿಪೇರಿಯೆಲ್ಲ ನಾವಿಬ್ಬರೇ ಮಾಡುತ್ತೇವೆ. ಮುಂದಿನ ಬ್ರೇಕು ಕೀರತೊಡಗಿದಾಗ ಪ್ಯಾಡು ಬದಲಿಸಲು ಕೂತೆವು. ಪ್ಯಾಡುಗಳನ್ನು ಹಿಡಿದಿಡುವ ಕಬ್ಬಿಣದ ಗಟ್ಟಿಯೊಂದು ಇರುತ್ತದೆ, ಗ್ಯಾರೇಜಿನವರು ಕ್ಯಾಲಿಪರ್ ಅನ್ನುತ್ತಾರೆ. ಒಂದೊಂದು ಚಕ್ರದ ಕ್ಯಾಲಿಪರನ್ನು ಹಿಡಿದು ನಿಲ್ಲಿಸುವುದು ಎರಡೆರಡು ಬೋಲ್ಟು. ಅವು ಕಳಚಿದರೆ ಒಂದೋ ಬ್ರೇಕು ಹಿಡಿಯುವುದಿಲ್ಲ, ಇಲ್ಲವೇ ಗಟ್ಟಿ ಒಳಗೇ ಸಿಕ್ಕಿಕೊಂಡು ಚಕ್ರ ಓಡುತ್ತಿದ್ದಲ್ಲೇ ನಿಂತುಬಿಡುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಬೇಡಿ.

ಸಾಮಾನಿನ ಅಂಗಡಿಯವ ಪ್ಯಾಡಿನ ಜೊತೆ ನಾಲ್ಕು ಹೊಸ ಬೋಲ್ಟು ಇಟ್ಟ. “ಟೀಚರ್, ಈ ಜಾಗಾದಾಗ ಹಳೇವು ಹಾಕಬ್ಯಾಡ್ರಿ. ಒಮ್ಮೆ ಬಿಗಿದವು ಎಳಕೊಂಡಿರ್ತಾವ” ಅಂದ. ಆದರೆ ಮನೆಗೆ ತಂದು ಹಳೆಯವುಗಳ ಪಕ್ಕ ಇಟ್ಟು ನೋಡಿದರೆ ನನಗೇ ಗೊಂದಲ. ಹಳೆಯವು ತಂತಿ ಬ್ರಷ್ಷಿನಲ್ಲಿ ತಿಕ್ಕಿದ ಮೇಲೆ ಮೊನ್ನೆ ಹುಟ್ಟಿದವರಂತೆ ಹೊಳೆಯುತ್ತಿದ್ದವು. ನಾನೇನು ಎಸೆಯುವ ಪೈಕಿ ಅಲ್ಲ. ಹರಿದ ಕುಪ್ಪಸದ ಹುಕ್ಕು ಬಿಚ್ಚಿ ಡಬ್ಬಿ ತುಂಬುವವಳು. ಮಾಡಿನ ಕೊಕ್ಕೆಗೋ ಬಾಗಿಲ ಚಿಲಕಕ್ಕೋ ಆದರೆ ಹಳೆಯದನ್ನೇ ಹಾಕುತ್ತಿದ್ದೆ. ಆದರೆ ಇದು ಬ್ರೇಕು. ಮರುದಿನ ಲೋಂಡಾಕ್ಕೆ ಹೋಗುವುದಿತ್ತು, ಅಲ್ಲಿರುವ ಸೋದರತ್ತೆಯನ್ನು ಕಣ್ಣಿನ ಆಪರೇಷನ್ನಿಗೆ ಬೆಳಗಾವಿಗೆ ಕರೆತರಲು.

ಹೊಸ ಬೋಲ್ಟಿನ ಆಟೆಗೆ ನೀಲಿ ಬಣ್ಣದ ಒಣ ಗೋಂದು ಹಚ್ಚಿತ್ತು, ಸಡಿಲಾಗದಿರಲೆಂದು. ಅಪ್ಪ ಅದನ್ನು ಉಗುರಿನಿಂದ ಕೆರೆದು ನೋಡಿ ನಕ್ಕ.

“ಇದೂ ನಾವು ನೂಲ ಸುತ್ತಿದಂಗ ಐತಿ ಅಲ್ಲೇನ?”

“ಅದು ಬ್ಯಾರೆ, ಇದು ಬ್ಯಾರೆ ಅಪ್ಪಾ. ಹೊಸಾವು ಹಾಕು” ಎಂದು ಗಟ್ಟಿಯಾಗಿ ಅವನ ಕಿವಿಯ ಹತ್ತಿರವೇ ಹೇಳಿದೆ.

“ಹೂಂ” ಅಂದ.

ಅಪ್ಪನ ಹೂಂಗಳಲ್ಲಿ ನಾನಾ ಜಾತಿ. ಒಪ್ಪಿದೆ ಅನ್ನುವುದು ಒಂದು, ಆಯ್ತು ಸಾಕು ಅನ್ನುವುದು ಒಂದು, ನೀ ಹೇಳೋದು ಹೇಳು ನಾ ಮಾಡೋದು ಮಾಡ್ತೀನಿ ಅನ್ನುವುದು ಒಂದು. ಇದು ಯಾವ ಜಾತಿ ಎಂದು ಮುಖ ನೋಡಿ ತಿಳಿಯುವಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಓಡಿದೆ. ಒಲೆ ಒರೆಸಿ, ಉಳಿದ ಹಾಲಿಗೆ ಚಹಾ ಪುಡಿ ಹಾಕಿ ಹೊರಗೆ ಬಂದಾಗ ಎರಡೂ ಚಕ್ರ ಕೂತಿದ್ದವು. ಅಪ್ಪ ಸೀಮೆಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ.

“ಹೊಸಾವ ಹಾಕಿದೆಲ್ಲ?”

“ಹೂಂ.”

ಚಕ್ರ ಬಿಚ್ಚಿ ನೋಡಬಹುದಿತ್ತು. ಆದರೆ ಅಪ್ಪ ಬಿಗಿದದ್ದಕ್ಕೆ ಪಾನಾ ಹಚ್ಚುವುದೆಂದರೆ ಏನು ಎಂದು ನಿಮಗೆ ಈಗ ಗೊತ್ತು. ಸಂಗಪ್ಪನ ಮುಖ ನೆನಪಾಯಿತು. ಚಹಾ ಕುಡಿದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಹೊರಟೆವು. ಅಪ್ಪ ನನ್ನ ಪಕ್ಕದಲ್ಲಿ, ಎಂದಿನಂತೆ ನೆಟ್ಟಗೆ ಕೂತು. ಓಡುವ ಯಂತ್ರದ ಎದುರು ಕಣ್ಣು ಮುಚ್ಚುವುದು ಅವನ ಜಾಯಮಾನದಲ್ಲೇ ಇಲ್ಲ. ಮಗ್ಗ ನಡೆಯುವಾಗ ತೂಕಡಿಸಿದವನಲ್ಲ, ಮದುವೆಯ ಬಸ್ಸಿನಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಮಲಗಿದಾಗಲೂ ಡ್ರೈವರನ ಬೆನ್ನ ಹಿಂದೆ ಎಚ್ಚರವಿದ್ದವನು. ಆದರೆ ಅಂದು ಅವನ ಬಲಗೈ ಎದೆಯ ಮೇಲಿತ್ತು, ಅಂಗಿಯ ಒಳಕಿಸೆಯ ಹತ್ತಿರ. ಅಲ್ಲೇ ಅವನ ಲಿಂಗದ ಕರಡಿಗೆ ಇರುವುದು. ತಂಗಿಯ ಕಣ್ಣಿಗಾಗಿ ಬೇಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ.

ಖಾನಾಪುರ ಇನ್ನೂ ದೂರವಿದ್ದಾಗ ಮೊದಲ ಸಲ ಕೇಳಿಸಿತು. ಬ್ರೇಕು ಒತ್ತಿದಾಗ ಎಡಗಡೆ ಮುಂದೆ ಒಂದು ಟಕ್. ಒತ್ತು ಬಿಟ್ಟಾಗ ಇನ್ನೊಂದು. ಹೊಸ ಪ್ಯಾಡು, ಕೂರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮಕ್ಕಳು ತಪ್ಪು ಉತ್ತರಕ್ಕೆ ಕಾರಣ ಹುಡುಕುವಾಗ ನಾನು ಕಿವಿ ಹಿಂಡುತ್ತೇನೆ, ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ.

“ಅಪ್ಪಾ, ಸಪ್ಪಳ ಬರಾಕತ್ತೈತಿ.”

“ಏನ?”

“ಸಪ್ಪಳಾ.”

ತಲೆ ವಾರೆ ಮಾಡಿ ಆಲಿಸಿದ. “ನನಗೇನ ಕೇಳಸವಲ್ದು” ಅಂದ. ಮಗ್ಗದ ಗದ್ದಲದಲ್ಲಿ ಕಳೆದ ಕಿವಿಗೆ ಈ ಟಕ್ ಎಲ್ಲಿಂದ ಕೇಳಬೇಕು. ಕೈ ಮಾತ್ರ ಎದೆಯ ಮೇಲೆ ಇನ್ನಷ್ಟು ಒತ್ತಿತು.

ಖಾನಾಪುರದಲ್ಲಿ ಗ್ಯಾರೇಜುಗಳಿವೆ, ಗೊತ್ತಿದ್ದವರೂ ಇದ್ದಾರೆ. ನಿಲ್ಲಿಸಲೇ ಎಂದು ಕೈ ಇಂಡಿಕೇಟರಿನ ತನಕ ಹೋಯಿತು. ಅಷ್ಟರಲ್ಲಿ ಅತ್ತೆಯ ಫೋನು. “ಎಲ್ಲಿದ್ದೀರಿ? ನಾ ತಯಾರಾಗಿ ಬಾಗಲದಾಗ ಕುಂತೇನಿ. ಸಂಜಿ ಒಳಗ ಭರ್ತಿ ಆಗಬೇಕಂದಾರ.” ಬಂದ್ವಿ ಬಂದ್ವಿ ಅಂದೆ. ಗ್ಯಾರೇಜಿನಲ್ಲಿ ಹತ್ತು ಜನರ ಎದುರು ಚಕ್ರ ಬಿಚ್ಚಿಸಿ, ಒಳಗೆ ಎಲ್ಲ ಸರಿಯಿದ್ದು, ಅಪ್ಪ ಸುಮ್ಮನೆ ನಿಂತಿರುವುದನ್ನು ನೆನೆದೇ ನನ್ನ ಕಾಲು ಎಕ್ಸಿಲರೇಟರಿಗೆ ಹೋಯಿತು. ನೋಡಿ, ಮರ್ಯಾದೆ ಅನ್ನುವುದು ಮನುಷ್ಯನಿಂದ ಎಂಥ ಕೆಲಸ ಮಾಡಿಸುತ್ತದೆ.

ಊರು ದಾಟಿ ಕಾಡು ಶುರುವಾಯಿತು. ಎರಡೂ ಬದಿಗೆ ಮರ ಒತ್ತಿ ಬಂದವು, ಫೋನಿನ ಗೆರೆಗಳು ಒಂದೊಂದಾಗಿ ಮಾಯವಾದವು. ಎದುರಿನಿಂದ ಗೋವಾ ಕಡೆಯ ಲಾರಿಗಳು ತಿರುವು ತುಂಬಿ ಬರುತ್ತಿದ್ದವು. ಟಕ್ ಈಗ ಬ್ರೇಕು ಒತ್ತದಿದ್ದರೂ ಬರುತ್ತಿತ್ತು, ಸಣ್ಣ ತಗ್ಗಿಗೂ ಒಮ್ಮೆ. ಇಳಿಜಾರಿನಲ್ಲಿ ಒಂದು ಲಾರಿಗೆ ದಾರಿ ಬಿಡಲು ಬ್ರೇಕು ಒತ್ತಿದೆ. ಗಾಡಿ ಎಡಕ್ಕೆ ಜಗ್ಗಿತು, ಕಾಲಿನಡಿ ನಡುಕ ಬಂತು. ಹೆದರಿದ್ದೆ. ಸಾಯುವುದಕ್ಕೂ ಹೆದರಿದ್ದೆ, ಅಪ್ಪನನ್ನು ಕೇಳುವುದಕ್ಕೂ ಹೆದರಿದ್ದೆ. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ.

ಗೇರು ಇಳಿಸಿ, ವೇಗ ತಗ್ಗಿಸಿ, ಕಡೆಗೆ ಕೂಗಿ ಹೇಳಿದೆ. “ಅಪ್ಪಾ, ಕಿವಿ ಬಿಡು. ಕೈ ಇಟ್ಟು ನೋಡು.”

ಅಪ್ಪ ನನ್ನ ಮುಖ ನೋಡಿದ. ಎದೆಯ ಮೇಲಿನ ಕೈ ತೆಗೆದು ಕಾಲಿನ ಹತ್ತಿರ ಬಗ್ಗಿ, ಮುಂದಿನ ತಗಡಿನ ಮೇಲೆ ಅಂಗೈ ಊರಿದ. ಕಣ್ಣು ಮುಚ್ಚಿದ. ನಾನು ಮೆಲ್ಲಗೆ ಬ್ರೇಕು ಮುಟ್ಟಿದೆ. ಟಕ್. ಇನ್ನೊಮ್ಮೆ ಮುಟ್ಟಿದೆ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಎಲ್ಲ ಸರಿ ಐತಿ ಅಂದುಬಿಟ್ಟರೆ ನಾನು ಮುಂದೆ ಹೋಗುತ್ತಿದ್ದೆನೋ ಏನೋ, ನನಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ.

ಕಣ್ಣು ತೆರೆದ. ಕೈ ಎತ್ತಿ, ಅಂಗೈ ಬೋರಲು ಮಾಡಿ ಕೆಳಗೊತ್ತಿದ.

ಮಗ್ಗದ ಮನೆಯ ಸನ್ನೆ ನೋಡಿ ಎಷ್ಟು ವರ್ಷವಾಗಿತ್ತೋ. ಹ್ಯಾಂಡ್ ಬ್ರೇಕು ಎಳೆಯುತ್ತಾ ಮಣ್ಣಿನ ಬದಿಗೆ ಗಾಡಿ ಇಳಿಸಿದೆ. ನಿಂತ ಮೇಲೂ ನನ್ನ ಕಾಲು ಪೆಡಲಿನ ಮೇಲಿಂದ ಏಳಲು ಒಪ್ಪಲಿಲ್ಲ.

ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಗೌಳಿಗ ನಾವು ಡಿಕ್ಕಿಯಿಂದ ಜಾಕು ಇಳಿಸುವುದನ್ನು ಕಂಡು ನಿಂತ. “ಬಾಯೀ, ಉತಾರ ಐತಿ. ಹಿಂದಿನ ಗಾಲಿಗೆ ದಗಡ ಕೊಡ್ತೇನಿ” ಎಂದು ಇಳಿಜಾರು ತೋರಿಸಿ, ಎರಡು ದೊಡ್ಡ ಕಲ್ಲು ಉರುಳಿಸಿಕೊಂಡು ಬಂದು ಚಕ್ರಕ್ಕೆ ಆನಿಸಿದ. ಆಮೇಲೆ ತನ್ನ ಎಮ್ಮೆಗಳ ಹಿಂದೆ ಹೋದ, ಆಗಾಗ ತಿರುಗಿ ನೋಡುತ್ತಾ.

ಎಡಗಡೆಯ ಚಕ್ರ ತೆಗೆದೆ. ಒಳಗಿನಿಂದ ಬಿಸಿ ಮುಖಕ್ಕೆ ಬಡಿಯಿತು. ಕ್ಯಾಲಿಪರಿನ ಮೇಲಿನ ಬೋಲ್ಟು ಅರ್ಧ ಬೆರಳಿನಷ್ಟು ಹೊರಗೆ ಬಂದು ನಿಂತಿತ್ತು. ಅದರ ಆಟೆಯಲ್ಲಿ ಕೆಂಪು ನೂಲು. ಕೆಂಪು ಅನ್ನಲು ಒಂದು ಎಳೆ ಉಳಿದಿತ್ತು ಅಷ್ಟೆ. ಮಿಕ್ಕದ್ದು ಬ್ರೇಕಿನ ಕಾವಿಗೆ ಕಂದಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಇನ್ನೂ ಒಂದೆರಡು ಇಳಿಜಾರು ಸಾಕಿತ್ತು. ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬರುವಾಗಲೂ ಇದೇ ರಸ್ತೆ.

ನನಗೆ ಸಿಟ್ಟು ಬಂತು. ನಿಜವಾದ ಸಿಟ್ಟು, ಕಣ್ಣಲ್ಲಿ ನೀರು ಬರುವಂಥದು. ತಿರುಗಿ ನೋಡಿದರೆ ಅಪ್ಪ ಒಳಕಿಸೆಗೆ ಕೈ ಹಾಕಿ ಏನೋ ತೆಗೆಯುತ್ತಿದ್ದ. ಹೊಸ ಬೋಲ್ಟಿನ ಪೊಟ್ಟಣ. ವಡಗಾವಿಯಿಂದ ಇಲ್ಲಿಯ ತನಕ ಎದೆಗೆ ಒತ್ತಿ ಹಿಡಿದದ್ದು ಲಿಂಗವನ್ನಲ್ಲ, ಇದನ್ನು.

“ಇಲ್ಲೀತನಕ ಕಿಸೆದಾಗ ಇಟ್ಕೊಂಡ ಬಂದಿ. ನಿನ್ನೆ ಹಾಕಾಕ ಏನಾಗಿತ್ತಪ್ಪಾ ನಿನಗ?”

ಅಪ್ಪ ಕಲ್ಲಿನ ಮೇಲೆ ಕೂತ. ನೂಲಿನ ಪುಡಿಯನ್ನು ಬೆರಳಲ್ಲಿ ತಿಕ್ಕಿದ.

“ಹಳೇವು ಇಷ್ಟ ವರ್ಷ ಮೋಸಾ ಮಾಡಿದ್ದಿಲ್ಲವ್ವಾ. ಹೊಸಾವು ನನಗ ಪರಿಚಯ ಇಲ್ಲ. ನೂಲ ಸುತ್ತೇನಿ, ಏನ ಆಗತೈತಿ ಅಂದೆ” ಎಂದ. ಆಮೇಲೆ, “ಮಗ್ಗಕ್ಕ ನಡುಕ ಇರತೈತಿ. ಈ ಕಾವು ಇರೂದಿಲ್ಲ. ಅದು ನನ್ನ ತಲೀಗೆ ಹೊಳೀಲಿಲ್ಲ.”

“ಹೊಳೀಲಿಲ್ಲಂದ್ರ ಇವನ್ನ ಯಾಕ ತಂದಿ?”

“ಬೆಳಿಗ್ಗೆ ಎದ್ದಾಗಿಂದ ಜೀವಕ್ಕ ಸಮಾಧಾನ ಇರಲಿಲ್ಲ. ಖರೇ ಹೇಳ್ತೀನಿ. ಬಿಚ್ಚೂಣು ಅಂದೆ. ನಾ ಬಿಗಿದದ್ದು ನಾನ ಹೆಂಗ ಬಿಚ್ಚಲಿ ಅಂತ ಕುಂತೆ. ದಾರ್ಯಾಗ ನೀ ಆದ್ರೂ ಇನ್ನೊಮ್ಮೆ ಕೇಳ್ತಿ ಅಂದ್ಕೊಂಡೆ. ನೀನೂ ಕೇಳಲಿಲ್ಲ.”

ನಾವಿಬ್ಬರೂ ಒಂದೇ ಭಯವನ್ನು ಒಂದೇ ಗಾಡಿಯಲ್ಲಿ, ಅಕ್ಕಪಕ್ಕ ಕೂತು, ಅಷ್ಟು ದೂರ ಹೊತ್ತು ತಂದಿದ್ದೆವು.

ಕಬ್ಬಿಣ ಆರುವ ತನಕ ಕಾದೆವು. ತೂತನ್ನು ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದೆ, ನೂಲಿನ ಕರಿ ಪೂರ್ತಿ ಬರುವವರೆಗೆ. ಹೊಸ ಬೋಲ್ಟು ಕೈಯಲ್ಲೇ ತಿರುಗಿಸಿ ಕೂರಿಸಿದೆ. ಅಪ್ಪ ಡಿಕ್ಕಿಯಲ್ಲಿನ ತನ್ನ ಚೀಲದಿಂದ ಪಾನಾ ತಂದು ಕೊಟ್ಟ, ನಾನು ಮುಕ್ಕಾಲು ಪಾಲು ಬಿಗಿದೆ. ಆಮೇಲೆ ರೂಢಿಯಂತೆ ಪಾನಾವನ್ನು ಅವನ ಕಡೆ ಚಾಚಿದೆ. ಎಷ್ಟೇ ಸಿಟ್ಟಿದ್ದರೂ ಕೈಗೆ ಹತ್ತಿದ ಕಟ್ಟಳೆ ಬಿಡುವುದಿಲ್ಲ.

ಅಪ್ಪ ಇಸಿದುಕೊಳ್ಳಲಿಲ್ಲ.

“ಕೊನೀ ಬಿಗಿ ನೀನ ಮಾಡು” ಅಂದ.

ಹತ್ತು ವರ್ಷದವಳಾಗಿದ್ದರೆ ಕುಣಿಯುತ್ತಿದ್ದೆ. ಈಗ ಪಾನಾ ಹಿಡಿದು ಲೆಕ್ಕ ಹಾಕಿದೆ. ಕಡಿಮೆಯಾದರೆ ಕಳಚುತ್ತದೆ, ಹೆಚ್ಚಾದರೆ ಸಂಗಪ್ಪನ ಬೋಲ್ಟಿನ ಹಾಗೆ ತಲೆ ಹೋಗುತ್ತದೆ, ಈ ಕಾಡಿನಲ್ಲಿ ಐದನೆಯ ಬೋಲ್ಟು ಎಲ್ಲಿಂದ ತರುವುದು. ಪಾನಾ ಒತ್ತಿದೆ. ಅಪ್ಪ ತನ್ನ ಎಡಗೈಯನ್ನು ಕಬ್ಬಿಣದ ಮೇಲಿಟ್ಟ. ಇನ್ನೂ ಒತ್ತಿದೆ. ಅವನು ಸುಮ್ಮನಿದ್ದ, ನನಗೆ ತೋಳು ಸೋಲುತ್ತಿತ್ತು. ಆಗ ಪಾನಾದ ಹಿಡಿಯಿಂದ ನನ್ನ ಅಂಗೈಗೆ ಏನೋ ಬಂತು. ಕಬ್ಬಿಣ ಇನ್ನು ಸಾಕು ಅಂದಂತೆ, ಹೇಳಲು ಬರುವುದಿಲ್ಲ. ನಿಲ್ಲಿಸಿದೆ. ಅಪ್ಪನ ಬಲಗೈ ಅದೇ ಗಳಿಗೆಯಲ್ಲಿ ಬೋರಲಾಗಿ ಕೆಳಗಿಳಿಯುತ್ತಿತ್ತು.

ಅದರ ಕೆಳಗಿನದನ್ನೂ ಬಲಗಡೆಯ ಎರಡನ್ನೂ ಬಿಚ್ಚಿ ಬದಲಿಸಿದೆವು. ಚಕ್ರ ಕೂರಿಸಿ, ಕಲ್ಲು ಸರಿಸಿ, ಗಾಡಿಯನ್ನು ಅಲ್ಲೇ ಹಿಂದೆ ಮುಂದೆ ಓಡಿಸಿ ಬ್ರೇಕು ಒತ್ತಿ ಒತ್ತಿ ನೋಡಿದೆ. ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಜೊತೆಗೇ ನಡೆದ. ಆಮೇಲೆ ತೋರುಬೆರಳನ್ನು ಗಾಳಿಯಲ್ಲಿ ತಿರುವಿದ. ಲೋಂಡಾದವರೆಗೆ ನಾವು ಮಾತಾಡಲಿಲ್ಲ, ಗಾಡಿಯೂ ಮಾತಾಡಲಿಲ್ಲ.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಮಂಜಾದ ಕಣ್ಣಿಗೂ ನನ್ನ ಕೈ ಕಂಡಿತು.

“ಯವ್ವ, ಕೈ ಎಷ್ಟ ಕರ್ರಗ ಮಾಡ್ಕೊಂಡಿ. ನಿಮ್ಮಪ್ಪ ಏನ ಮಾಡಾಕತ್ತಿದ್ದ?”

“ನಾ ಕುಂತು ನೋಡಾಕತ್ತಿದ್ದೆ” ಎಂದ ಅಪ್ಪ, ಆಗಲೇ ಒರೆಸಿ ಸ್ವಚ್ಛ ಮಾಡಿಕೊಂಡಿದ್ದ ಕೈಗಳನ್ನು ಅವಳ ಮುಂದೆ ಹಿಡಿದು.

ಊಟ ಮುಗಿಸಿ ಅತ್ತೆಯನ್ನು ಹಿಂದೆ ಕೂರಿಸಿ ಹೊರಟೆವು. ಕಾಡು ಅದೇ, ಲಾರಿಗಳು ಅವೇ, ಹೋಗುವಾಗ ಏರಿದ ರಸ್ತೆ ಈಗ ಇಳಿಯುತ್ತಿತ್ತು, ಇಳಿದದ್ದು ಏರುತ್ತಿತ್ತು. ನನ್ನ ಕಿವಿ ಎಡಗಡೆಯ ಚಕ್ರದಲ್ಲೇ ಇತ್ತು. ಸ್ವಲ್ಪ ದೂರ ಬಂದ ಮೇಲೆ ಅತ್ತೆ ಮುಂದಕ್ಕೆ ಬಗ್ಗಿ ನನ್ನ ಭುಜ ಮುಟ್ಟಿದಳು.

“ನಿಮ್ಮಪ್ಪ ಗಾಡ್ಯಾಗ ಮಲಗೂ ಮನಶ್ಯಾ ಅಲ್ಲಲ್ಲ?”

ಪಕ್ಕಕ್ಕೆ ನೋಡಿದೆ. ಅಪ್ಪನ ತಲೆ ಕಿಟಕಿಗೆ ಒರಗಿತ್ತು. ಎರಡೂ ಕೈ ತೊಡೆಯ ಮೇಲೆ ಬಿಚ್ಚಿಕೊಂಡು ಬಿದ್ದಿದ್ದವು, ಬಾಯಿ ಸ್ವಲ್ಪ ತೆರೆದಿತ್ತು. ನನಗೆ ಮುಂದಿನ ರಸ್ತೆ ಒಂದು ಕ್ಷಣ ಕಲಸಿಹೋಯಿತು, ಕಣ್ಣೊರೆಸಿಕೊಂಡೆ. ಅಲ್ಲಿಂದ ಬೆಳಗಾವಿಯ ತನಕ ತಿರುವು ಬಂದಲ್ಲೆಲ್ಲ ಬ್ರೇಕನ್ನು ಆದಷ್ಟು ಮೆಲ್ಲಗೆ ಒತ್ತುತ್ತಾ ಬಂದೆ, ಅವನಿಗೆ ಎಚ್ಚರವಾಗಬಾರದು ಎಂದು.